ಯಾರ ಪೈಕಿ ಎಷ್ಟು? ವರ್ಗಗಳ ದತ್ತಾಂಶವನ್ನು ತೋರಿಸುವ, ಓದುವ ಬಗೆ

ಟೈಟಾನಿಕ್ ದುರಂತದಲ್ಲಿ ಬದುಕುಳಿದವರ ಪೈಕಿ ಅತಿ ದೊಡ್ಡ ಗುಂಪು ಹಡಗಿನ ಸಿಬ್ಬಂದಿಯದು. ಬದುಕುಳಿದ ಪ್ರಮಾಣ ಎಲ್ಲರಿಗಿಂತ ಕಡಿಮೆ ಇದ್ದದ್ದೂ ಸಿಬ್ಬಂದಿಯಲ್ಲೇ. ಎರಡೂ ಮಾತು ನಿಜ, ಎರಡೂ ಒಂದೇ ಕೋಷ್ಟಕದಿಂದ ತೆಗೆದವು. ಪತ್ರಿಕೆಯ ಶೀರ್ಷಿಕೆಗೆ ಯಾವುದನ್ನು ಆರಿಸಿಕೊಂಡರೂ ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ಓದಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ತದ್ವಿರುದ್ಧ. ಸಂಖ್ಯಾಶಾಸ್ತ್ರದಲ್ಲಿ ವರ್ಗಗಳ ದತ್ತಾಂಶ ಎಂಬ ಪಾಠವನ್ನು ಸುಲಭದ್ದೆಂದು ಮೊದಲಿಗೇ ಇಡುತ್ತಾರೆ. ಬರಿ ಎಣಿಸುವುದು, ಶೇಕಡ ತೆಗೆಯುವುದು, ಕಂಬ ಬಿಡಿಸುವುದು ತಾನೆ ಎಂಬ ಲೆಕ್ಕ. ಎಣಿಕೆಯಲ್ಲಿ ತಪ್ಪುವವರು ಕಡಿಮೆ. ಎಣಿಸಿದ್ದನ್ನು ಯಾವುದರಿಂದ ಭಾಗಿಸಬೇಕು ಎಂಬಲ್ಲಿ ಎಡವುವವರೇ ಹೆಚ್ಚು.

ಹೆಸರೋ ಅಳತೆಯೋ

ಒಂದು ಪ್ರಶ್ನೆಗೆ ಉತ್ತರವಾಗಿ ಬರುವುದು ಹೆಸರಾದರೆ ಅದು ವರ್ಗೀಯ ದತ್ತಾಂಶ: ರಕ್ತದ ಗುಂಪು, ಮಾತೃಭಾಷೆ, ಕೆಲಸಕ್ಕೆ ಹೋಗುವ ವಾಹನ, ಹೌದು ಅಥವಾ ಇಲ್ಲ. ಬರುವುದು ಅಳತೆಯಾದರೆ ಅದು ಸಂಖ್ಯಾ ದತ್ತಾಂಶ: ಎತ್ತರ, ತೂಕ, ಓಡಲು ಹಿಡಿದ ಸಮಯ. ಅಂಕೆಗಳಲ್ಲಿ ಬರೆದ ಮಾತ್ರಕ್ಕೆ ಅದು ಅಳತೆಯಾಗುವುದಿಲ್ಲ. ಆಟಗಾರರ ಜರ್ಸಿ ಸಂಖ್ಯೆ, ಮೊಬೈಲ್ ಸಂಖ್ಯೆ, ಬಸ್ಸಿನ ಮಾರ್ಗ ಸಂಖ್ಯೆ ಇವೆಲ್ಲ ಅಂಕೆಯ ವೇಷದಲ್ಲಿರುವ ಹೆಸರುಗಳು. ಅನುಮಾನ ಬಂದಾಗ ಎರಡನ್ನು ಕೂಡಿ ಅರ್ಧ ಮಾಡಿ ನೋಡಿ. 7 ಮತ್ತು 18ನೇ ಜರ್ಸಿಗಳ ಸರಾಸರಿ ಹನ್ನೆರಡೂವರೆ ಎಂದರೆ ಏನೂ ಹೇಳಿದಂತಾಗಲಿಲ್ಲ. ಅಲ್ಲಿಗೆ ಅದು ಹೆಸರು.

ಸಮೀಕ್ಷೆಯ ಹಾಳೆಗಳಲ್ಲಿ ಪುರುಷರಿಗೆ 1, ಮಹಿಳೆಯರಿಗೆ 2 ಎಂದು ಸಂಕೇತ ಕೊಡುವುದು ವಾಡಿಕೆ. ಕಂಪ್ಯೂಟರಿಗೆ ಅದು ಬರಿ ಅಂಕೆ. ಸರಾಸರಿ ಕೇಳಿದರೆ 1.4 ಎಂದು ಯಾವ ಸಂಕೋಚವೂ ಇಲ್ಲದೆ ಕೊಡುತ್ತದೆ. (ಇದರಲ್ಲಿ ಮಹಿಳೆಯರು ಶೇ 40 ಎಂಬ ಮಾಹಿತಿ ಅಡಗಿದೆ ಎನ್ನುವುದು ನಿಜ. ಸಂಕೇತ 0 ಮತ್ತು 1 ಆಗಿದ್ದರೆ ಅದು 0.4 ಎಂದು ನೇರವಾಗಿಯೇ ಕಾಣುತ್ತಿತ್ತು. ವರ್ಗಗಳು ಮೂರಾದರೆ ಈ ಜಾಣತನ ನಡೆಯುವುದಿಲ್ಲ.)

ಹೆಸರುಗಳಲ್ಲೂ ಎರಡು ಬಗೆ. ರಕ್ತದ ಗುಂಪುಗಳಿಗೆ ಮೇಲು ಕೆಳಗೆಂಬುದಿಲ್ಲ, ಅವು ಕ್ರಮವಿಲ್ಲದ ವರ್ಗಗಳು. ‘ಕಳಪೆ, ಸಾಧಾರಣ, ಉತ್ತಮ’ ಎನ್ನುವುದಕ್ಕೆ ಕ್ರಮವಿದೆ, ಆದರೆ ಕಳಪೆಯಿಂದ ಸಾಧಾರಣಕ್ಕೆ ಇರುವ ದೂರವೂ ಸಾಧಾರಣದಿಂದ ಉತ್ತಮಕ್ಕೆ ಇರುವ ದೂರವೂ ಒಂದೇ ಎಂದು ಹೇಳಲು ಆಧಾರವಿಲ್ಲ. ಕ್ರಮವಿಲ್ಲದ ವರ್ಗಗಳಿಗೆ ಬಹುಲಕವನ್ನಷ್ಟೇ, ಅಂದರೆ ಅತಿ ಹೆಚ್ಚು ಸಲ ಬಂದ ವರ್ಗವನ್ನಷ್ಟೇ, ಹೇಳಬಹುದು. ಕ್ರಮವಿರುವವಕ್ಕೆ ಮಧ್ಯಾಂಕವೂ, ಅಂದರೆ ಎಲ್ಲರನ್ನೂ ಕ್ರಮವಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ವರ್ಗವೂ, ಸಲ್ಲುತ್ತದೆ. ಅವುಗಳ ಸರಾಸರಿ ತೆಗೆಯುವ ಅಭ್ಯಾಸ ಎಲ್ಲೆಡೆ ಇದೆ: ತೃಪ್ತಿಗೆ 5ರಲ್ಲಿ 3.7 ಅಂಕ ಎಂಬಂಥದ್ದು. ಅದಕ್ಕಿಂತ ‘ನೂರರಲ್ಲಿ ಇಷ್ಟು ಜನ ಉತ್ತಮ ಅಂದರು, ಇಷ್ಟು ಜನ ಕಳಪೆ ಅಂದರು’ ಎನ್ನುವುದೇ ಹೆಚ್ಚು ಹೇಳುತ್ತದೆ. ಏಕೆಂದರೆ ಎಲ್ಲರೂ 3 ಕೊಟ್ಟರೂ ಸರಾಸರಿ 3, ಅರ್ಧ ಜನ 1 ಕೊಟ್ಟು ಇನ್ನರ್ಧ 5 ಕೊಟ್ಟರೂ ಸರಾಸರಿ 3.

ಈ ಕ್ರಮದ ವಿಷಯದಲ್ಲಿ ಕಂಪ್ಯೂಟರ್ ಒಂದು ಎಡವಟ್ಟು ಮಾಡುತ್ತದೆ. ಹೇಳದೆ ಬಿಟ್ಟರೆ ಅದು ವರ್ಗಗಳನ್ನು ಸಾಮಾನ್ಯವಾಗಿ ಅಕ್ಷರಮಾಲೆಯ ಪ್ರಕಾರ ಜೋಡಿಸುತ್ತದೆ. ಆಗ ‘ಉತ್ತಮ, ಕಳಪೆ, ಸಾಧಾರಣ’ ಎಂದು ಸಾಲುಗಟ್ಟಿ, ಕಳಪೆ ನಡುವೆ ಬಂದು ಕೂರುತ್ತದೆ. ಚಿತ್ರದಲ್ಲಿ ಕಂಬಗಳು ಏರಿ ಇಳಿದು ಏರಿದಂತೆ ಕಂಡರೆ ಮೊದಲು ಅಡಿಯಲ್ಲಿರುವ ಹೆಸರುಗಳ ಕ್ರಮ ನೋಡಬೇಕು.

ಎಣಿಸುವ ಮುನ್ನ

ರಕ್ತದ ಗುಂಪು ಎಂದರೆ ಎ, ಬಿ, ಎಬಿ, ಓ ಎಂಬ ನಾಲ್ಕು, ಪ್ರತಿಯೊಂದಕ್ಕೂ ಪಾಸಿಟಿವ್ ಮತ್ತು ನೆಗೆಟಿವ್, ಒಟ್ಟು ಎಂಟು. ಜನರೇ ತುಂಬಿದ ಪಟ್ಟಿಯೊಂದನ್ನು ಎಣಿಕೆಗೆ ಹಾಕಿದರೆ ಎಂಟರ ಬದಲು ಹದಿನೈದೋ ಇಪ್ಪತ್ತೋ ವರ್ಗಗಳು ಹೊರಬೀಳುತ್ತವೆ. ಒಬ್ಬರು ‘ಓ+’ ಎಂದು, ಇನ್ನೊಬ್ಬರು ‘ಓ ಪಾಸಿಟಿವ್’ ಎಂದು, ಮತ್ತೊಬ್ಬರು ‘ಓ ಪಾಸಿಟೀವ್’ ಎಂದು ಬರೆದಿರುತ್ತಾರೆ. ಇಂಗ್ಲಿಷಿನ ಓ ಅಕ್ಷರ ಇರಬೇಕಾದ ಕಡೆ ಸೊನ್ನೆ ಒತ್ತಿದವರು ಕೆಲವರು. ಇವೆಲ್ಲ ಕಣ್ಣಿಗಾದರೂ ಕಾಣುತ್ತವೆ. ಕಾಣದವು ಇನ್ನೂ ಕಾಟ ಕೊಡುತ್ತವೆ: ಪದದ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗ, ಅಥವಾ ಕನ್ನಡ ಲಿಪಿಯಲ್ಲಿ ಒತ್ತಕ್ಷರ ಬಿಡಿಸಲು ಕೀಲಿಮಣೆ ಸೇರಿಸುವ ಅಗೋಚರ ಅಕ್ಷರ. ತೆರೆಯ ಮೇಲೆ ಎರಡೂ ಒಂದೇ ಪದ, ಕಂಪ್ಯೂಟರಿನ ಲೆಕ್ಕದಲ್ಲಿ ಎರಡು ಬೇರೆ ವರ್ಗ.

ಹಾಗಾಗಿ ಮೊದಲು ಮಾಡಬೇಕಾದ್ದು ಪಟ್ಟಿಯಲ್ಲಿರುವ ಬೇರೆ ಬೇರೆ ಉತ್ತರಗಳನ್ನೆಲ್ಲ ಒಮ್ಮೆ ಸಾಲಾಗಿ ತೆಗೆದು ನೋಡುವುದು. ಸ್ಪ್ರೆಡ್‌ಶೀಟಿನಲ್ಲಿ ಪಿವೋಟ್ ಟೇಬಲ್ (ವರ್ಗವಾರು ತಾನೇ ಎಣಿಸಿ ಕೊಡುವ ಸೌಲಭ್ಯ) ಹಾಕಿದರೆ ಒಂದು ನಿಮಿಷದ ಕೆಲಸ. ತಿದ್ದುವಾಗ ಮೂಲ ಕಾಲಂ ಮುಟ್ಟದೆ ಪಕ್ಕದಲ್ಲಿ ಹೊಸ ಕಾಲಂ ಮಾಡಿಕೊಳ್ಳಿ, ತಪ್ಪಿದರೆ ಹಿಂದಿರುಗಲು ದಾರಿ ಇರುತ್ತದೆ. ಖಾಲಿ ಬಿಟ್ಟವರನ್ನು ಸದ್ದಿಲ್ಲದೆ ಕೈಬಿಡಬೇಡಿ, ‘ಉತ್ತರಿಸದವರು’ ಎಂದು ಎಣಿಸಿಡಿ. 200 ಜನರಲ್ಲಿ 80 ಮಂದಿ ಉತ್ತರಿಸದೆ, ಉತ್ತರಿಸಿದ 120ರಲ್ಲಿ 60 ಮಂದಿ ಹೌದೆಂದಿದ್ದರೆ ಅದು ಉತ್ತರಿಸಿದವರ ಪೈಕಿ ಶೇ 50, ಕೇಳಿದವರ ಪೈಕಿ ಶೇ 30. ಎರಡರಲ್ಲಿ ಯಾವುದನ್ನು ಹೇಳುತ್ತಿದ್ದೇವೆ ಎಂದು ಬರೆಯದಿದ್ದರೆ ಸಂಖ್ಯೆಗೆ ಬೆಲೆಯಿಲ್ಲ.

ಕೈಯಲ್ಲೇ ಎಣಿಸುವುದಾದರೆ ತಾಳೆ ಗುರುತಿಗಿಂತ ಒಳ್ಳೆಯ ಉಪಾಯವಿಲ್ಲ: ನಾಲ್ಕು ಗೆರೆ, ಐದನೆಯದು ಅಡ್ಡಗೆರೆ. ಪಟ್ಟಿಯನ್ನು ಒಂದೇ ಸಲ ಮೇಲಿನಿಂದ ಕೆಳಕ್ಕೆ ಓದುತ್ತ ಎಲ್ಲ ವರ್ಗಗಳಿಗೂ ಗುರುತು ಹಾಕುತ್ತ ಹೋಗಬೇಕು. ಒಂದೊಂದು ವರ್ಗಕ್ಕೂ ಪಟ್ಟಿಯನ್ನು ಮತ್ತೆ ಮತ್ತೆ ಓದಿದರೆ ಒಂದಿಬ್ಬರು ತಪ್ಪಿಹೋಗುವುದು ಖಚಿತ. ಕೊನೆಗೆ ಆವೃತ್ತಿಗಳ, ಅಂದರೆ ಒಂದೊಂದು ವರ್ಗಕ್ಕೂ ಸಿಕ್ಕ ಎಣಿಕೆಗಳ, ಮೊತ್ತ ಪಟ್ಟಿಯ ಒಟ್ಟು ಸಾಲುಗಳಿಗೆ ತಾಳೆಯಾಗಬೇಕು. ಆಗದಿದ್ದರೆ ಮುಂದೆ ಹೋಗಬೇಡಿ.

ಕಂಬ, ಮತ್ತು ಅದರ ಬುಡ

ಏಪ್ರಿಲ್ 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಇದ್ದವರ ಲೆಕ್ಕ ಬೇರೆ ಬೇರೆ ಪಟ್ಟಿಗಳಲ್ಲಿ ಒಂದಿಷ್ಟು ಆಚೀಚೆ ಇದೆ. ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಬಳಕೆಯಲ್ಲಿರುವುದು 2201 ಜನರ ಪಟ್ಟಿ, ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ಜೊತೆಗೇ ಅದು ಬರುತ್ತದೆ. ಅದರ ಪ್ರಕಾರ ಮೊದಲ ದರ್ಜೆಯಲ್ಲಿ 325, ಎರಡನೇ ದರ್ಜೆಯಲ್ಲಿ 285, ಮೂರನೇ ದರ್ಜೆಯಲ್ಲಿ 706 ಪ್ರಯಾಣಿಕರು, ಸಿಬ್ಬಂದಿ 885.

ಇದನ್ನು ಗ್ರಾಫ್ ಹಾಳೆಯಲ್ಲಿ ತೋರಿಸಲು 1 ಸೆಂಟಿಮೀಟರಿಗೆ 100 ಜನ ಎಂದು ಪ್ರಮಾಣ ಇಟ್ಟುಕೊಂಡರೆ ಕಂಬಗಳ ಎತ್ತರ 3.25, 2.85, ಸುಮಾರು 7.1, 8.85 ಸೆಂಟಿಮೀಟರ್. ಎಲ್ಲ ಕಂಬಗಳ ಅಗಲ ಒಂದೇ ಇರಲಿ, ಒಂದೂವರೆ ಸೆಂಟಿಮೀಟರ್ ಸಾಕು. ನಡುವೆ ಅದರ ಅರ್ಧದಷ್ಟು ಜಾಗ ಬಿಡಿ. ಈ ಬಿಡುವು ಅಂದಕ್ಕಾಗಿ ಬಿಟ್ಟದ್ದಲ್ಲ: ಮೊದಲ ದರ್ಜೆಗೂ ಎರಡನೇ ದರ್ಜೆಗೂ ನಡುವೆ ಇನ್ನೊಂದು ದರ್ಜೆ ಇಲ್ಲ ಎಂದು ಅದು ಹೇಳುತ್ತದೆ. ಅಳತೆಗಳನ್ನು ಕಂಬಗಳಲ್ಲಿ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕಂಬಗಳು ಅಂಟಿಕೊಂಡಿರುವುದಕ್ಕೆ ಕಾರಣವೂ ಅದೇ. ಅಲ್ಲಿ ಅಡಿಯಲ್ಲಿರುವುದು ಎಡೆಬಿಡದೆ ಸಾಗುವ ಅಳತೆ.

ಕ್ರಮವಿಲ್ಲದ ವರ್ಗಗಳಾದರೆ ಕಂಬಗಳನ್ನು ಎತ್ತರದಿಂದ ಗಿಡ್ಡಕ್ಕೆ ಜೋಡಿಸಿ, ‘ಇತರೆ’ ಎಂಬುದು ಎಷ್ಟೇ ದೊಡ್ಡದಿದ್ದರೂ ಕೊನೆಯಲ್ಲಿರಲಿ. ಅದು ಎಲ್ಲಕ್ಕಿಂತ ಎತ್ತರದ ಕಂಬವಾಗಿದ್ದರೆ ವರ್ಗಗಳನ್ನೇ ಸರಿಯಾಗಿ ಮಾಡಿಲ್ಲ ಎಂದರ್ಥ. ಕ್ರಮವಿರುವ ವರ್ಗಗಳನ್ನು ಅವುಗಳ ಕ್ರಮದಲ್ಲೇ ಬಿಡಬೇಕು. ಹೆಸರುಗಳು ಉದ್ದವಾಗಿದ್ದರೆ, ಕನ್ನಡದಲ್ಲಿ ಅವು ಉದ್ದವಾಗಿಯೇ ಇರುತ್ತವೆ, ಕಂಬಗಳನ್ನು ಮಲಗಿಸಿ. ಓರೆಯಾಗಿ ಬರೆದ ಹೆಸರು ಓದಲು ಕತ್ತು ವಾಲಿಸಬೇಕಾದ ಚಿತ್ರ ಯಾರಿಗೂ ಬೇಡ. ಕೆಂಪು ಹಸಿರು ಬಣ್ಣಗಳನ್ನು ಜೋಡಿಯಾಗಿ ಬಳಸಬೇಡಿ, ಅವೆರಡರ ವ್ಯತ್ಯಾಸ ಕಾಣದವರು, ವಿಶೇಷವಾಗಿ ಗಂಡಸರಲ್ಲಿ, ಸಾಕಷ್ಟು ಮಂದಿ ಇದ್ದಾರೆ.

ಇನ್ನು ಬುಡದ ವಿಷಯ. ಕಂಬದ ಲಂಬ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. 52 ಮತ್ತು 54 ಎಂಬ ಎರಡು ಸಂಖ್ಯೆಗಳನ್ನು 50ರಿಂದ ಶುರುವಾಗುವ ಅಕ್ಷದ ಮೇಲೆ ನಿಲ್ಲಿಸಿದರೆ ಒಂದು ಕಂಬದ ಎತ್ತರ 2, ಇನ್ನೊಂದರದು 4. ನಿಜವಾದ ವ್ಯತ್ಯಾಸ ಶೇ 4ಕ್ಕೂ ಕಡಿಮೆ, ಕಣ್ಣಿಗೆ ಕಾಣುವುದು ದುಪ್ಪಟ್ಟು. ಗೆರೆ ನಕ್ಷೆಯಲ್ಲಿ ಈ ನಿಯಮ ಅಷ್ಟು ಕಟ್ಟುನಿಟ್ಟಲ್ಲ, ಅಲ್ಲಿ ಕಣ್ಣು ಓದುವುದು ಏರಿಳಿತವನ್ನು. ಕಂಬದಲ್ಲಿ ಓದುವುದು ಉದ್ದವನ್ನು, ಬುಡ ಕತ್ತರಿಸಿದ ಉದ್ದ ಉದ್ದವೇ ಅಲ್ಲ. ಅಕ್ಷದಲ್ಲಿ ಸಣ್ಣ ಅಂಕುಡೊಂಕು ಗೆರೆ ಹಾಕಿ ‘ಸೊನ್ನೆಯಿಂದ ಶುರುವಾಗಿಲ್ಲ’ ಎಂದು ಸೂಚಿಸುವವರಿದ್ದಾರೆ. ಆ ಗುರುತು ನೋಡಿ ಮನಸ್ಸಿನಲ್ಲೇ ಉದ್ದ ತಿದ್ದಿಕೊಳ್ಳುವ ಓದುಗರು ಎಷ್ಟು ಮಂದಿಯೋ.

ಸಂಖ್ಯೆಗಳನ್ನು ಗೊಂಬೆಗಳಲ್ಲಿ ತೋರಿಸುವ ಚಿತ್ರಾಲೇಖದಲ್ಲಿ ಇದರ ಅಣ್ಣನಂಥ ತಪ್ಪೊಂದಿದೆ. ಸಂಖ್ಯೆ ಎರಡು ಪಟ್ಟಾಯಿತೆಂದು ಗೊಂಬೆಯ ಚಿತ್ರವನ್ನು ಎರಡು ಪಟ್ಟು ಎತ್ತರ ಮಾಡಿದರೆ ಅಗಲವೂ ಎರಡು ಪಟ್ಟಾಗಿ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಘನಾಕೃತಿಯಂತೆ ಬಿಡಿಸಿದ್ದರೆ ಗಾತ್ರ ಎಂಟು ಪಟ್ಟು. ಪರಿಹಾರ ಸರಳ: ಗೊಂಬೆಯ ಗಾತ್ರ ಬದಲಿಸದೆ ಗೊಂಬೆಗಳ ಎಣಿಕೆ ಹೆಚ್ಚಿಸುವುದು, ಒಂದು ಗೊಂಬೆಗೆ ಎಷ್ಟು ಜನ ಎಂದು ಪಕ್ಕದಲ್ಲಿ ಬರೆಯುವುದು.

ಕಂಬ ನಕ್ಷೆ ಹುಟ್ಟಿದ್ದೂ ಒಂದು ಕೊರತೆಯಿಂದ. ಸ್ಕಾಟ್ಲೆಂಡಿನವನಾದ ವಿಲಿಯಂ ಪ್ಲೇಫೇರ್ 1786ರಲ್ಲಿ ದೇಶ ದೇಶಗಳ ವ್ಯಾಪಾರವನ್ನು ವರ್ಷದಿಂದ ವರ್ಷಕ್ಕೆ ಸಾಗುವ ಗೆರೆಗಳಲ್ಲಿ ತೋರಿಸಿದ. ಸ್ಕಾಟ್ಲೆಂಡಿನ ಮಟ್ಟಿಗೆ ಅವನ ಕೈಯಲ್ಲಿದ್ದದ್ದು ಒಂದೇ ವರ್ಷದ ಲೆಕ್ಕ. ಒಂದು ಬಿಂದುವಿನಿಂದ ಗೆರೆ ಎಳೆಯುವುದು ಹೇಗೆ? ವ್ಯಾಪಾರ ನಡೆದ ಒಂದೊಂದು ದೇಶಕ್ಕೂ ಒಂದೊಂದು ಪಟ್ಟಿ ಎಳೆದುಬಿಟ್ಟ. ವೃತ್ತವನ್ನು ತುಂಡು ಮಾಡಿ ತೋರಿಸುವ ಪೈ ನಕ್ಷೆಯೂ ಅವನದೇ, 1801ರದು.

ಪೈ ನಕ್ಷೆಗೆ ಎಷ್ಟು ಜಾಗ

ಸ್ವಲ್ಪವೇ. ಒಂದು ಇಡೀ ವಸ್ತುವಿನ ಭಾಗಗಳು, ಅವು ಮೂರೋ ನಾಲ್ಕೋ, ಒಂದು ಭಾಗ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದೇ ಮುಖ್ಯ ಪ್ರಶ್ನೆ ಎಂದಾದರೆ ಪೈ ನಕ್ಷೆ ಚೆನ್ನಾಗಿಯೇ ಹೇಳುತ್ತದೆ. ಕೋನ ತೆಗೆಯುವುದು ಸುಲಭ: ವರ್ಗದ ಆವೃತ್ತಿಯನ್ನು ಮೊತ್ತದಿಂದ ಭಾಗಿಸಿ 360ರಿಂದ ಗುಣಿಸಿ. ಟೈಟಾನಿಕ್‌ನ ನಾಲ್ಕು ಗುಂಪುಗಳಿಗೆ 53, 47, 115, 145 ಡಿಗ್ರಿ ಬರುತ್ತದೆ. ಬಿಡಿಸಿ ನೋಡಿದರೆ 53ಕ್ಕೂ 47ಕ್ಕೂ ಇರುವ ಅಂತರ ಹೆಸರು ಬರೆಯದೆ ಗೊತ್ತಾಗುವುದೇ ಕಷ್ಟ. ಅದೇ 3.25 ಮತ್ತು 2.85 ಸೆಂಟಿಮೀಟರಿನ ಕಂಬಗಳಲ್ಲಿ ಯಾವುದು ಗಿಡ್ಡ ಎಂದು ಕೇಳಬೇಕಾಗಿಯೇ ಇಲ್ಲ. ಒಂದೇ ನೆಲದ ಮೇಲೆ ನಿಂತ ಉದ್ದಗಳನ್ನು ಹೋಲಿಸುವಷ್ಟು ಕರಾರುವಾಕ್ಕಾಗಿ ಕಣ್ಣು ಕೋನಗಳನ್ನು ಹೋಲಿಸಲಾರದು. ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ 1984ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ. ಓರೆಯಾಗಿಸಿ ದಪ್ಪ ಕೊಟ್ಟ ಮೂರು ಆಯಾಮದ ಪೈ ಬೇಡವೇ ಬೇಡ, ಅದರಲ್ಲಿ ನೋಡುಗರ ಹತ್ತಿರ ಇರುವ ತುಂಡು ಸುಮ್ಮನೆ ದೊಡ್ಡದಾಗಿ ಕಾಣುತ್ತದೆ.

ಒಬ್ಬರೇ ಹಲವು ಉತ್ತರ ಆರಿಸಬಹುದಾದ ಪ್ರಶ್ನೆಗೆ (ಯಾವ ಯಾವ ಭಾಷೆ ಬರುತ್ತದೆ?) ಪೈ ನಕ್ಷೆ ಹಾಕುವುದು ಶುದ್ಧ ತಪ್ಪು. ಶೇಕಡಗಳ ಮೊತ್ತ ನೂರನ್ನು ದಾಟುತ್ತದೆ, ವೃತ್ತ ಮಾತ್ರ ದಾಟಲಾರದು. ಮೊತ್ತ 99 ಅಥವಾ 101 ಬಂದರೆ ಗಾಬರಿ ಬೇಡ. ಟೈಟಾನಿಕ್‌ನಲ್ಲಿ ಸತ್ತ 1490 ಜನರನ್ನು ಗುಂಪುವಾರು ಶೇಕಡ ಮಾಡಿ ಪೂರ್ಣಾಂಕಕ್ಕೆ ಇಳಿಸಿದರೆ 8, 11, 35, 45. ಕೂಡಿದರೆ 99. ದಶಾಂಶದ ಒಂದು ಸ್ಥಾನ ಉಳಿಸಿಕೊಂಡರೆ 8.2, 11.2, 35.4, 45.2, ಸರಿಯಾಗಿ ನೂರು. ನೂರು ಮಾಡಲೆಂದು ಒಂದು ಸಂಖ್ಯೆಯನ್ನು ಗುಟ್ಟಾಗಿ ತಿದ್ದುವುದಕ್ಕಿಂತ ‘ಪೂರ್ಣಾಂಕಕ್ಕೆ ಇಳಿಸಿದ್ದರಿಂದ ಮೊತ್ತ 100 ಆಗದಿರಬಹುದು’ ಎಂದು ಅಡಿಯಲ್ಲಿ ಬರೆಯುವುದು ಲೇಸು.

‘ಪೈಕಿ’ಯ ಹಿಂದೆ ಏನಿದೆ ನೋಡಿ

ಈಗ ಒಂದೇ ಸಲ ಎರಡು ಪ್ರಶ್ನೆ: ಯಾವ ಗುಂಪು, ಬದುಕಿದರೇ ಇಲ್ಲವೇ. ಅಡ್ಡಸಾಲುಗಳಲ್ಲಿ ಒಂದು, ಕಂಬಸಾಲುಗಳಲ್ಲಿ ಇನ್ನೊಂದು ಇಟ್ಟರೆ ದ್ವಿಮುಖ ಕೋಷ್ಟಕ.

| ಗುಂಪು | ಬದುಕಿದವರು | ಸತ್ತವರು | ಒಟ್ಟು |
|---|---|---|---|
| ಮೊದಲ ದರ್ಜೆ | 203 | 122 | 325 |
| ಎರಡನೇ ದರ್ಜೆ | 118 | 167 | 285 |
| ಮೂರನೇ ದರ್ಜೆ | 178 | 528 | 706 |
| ಸಿಬ್ಬಂದಿ | 212 | 673 | 885 |
| ಒಟ್ಟು | 711 | 1490 | 2201 |

ಬಲತುದಿಯ ಮತ್ತು ಕೊನೆಯ ಸಾಲಿನ ಮೊತ್ತಗಳು ಒಂದೊಂದು ಪ್ರಶ್ನೆಯನ್ನು ಬಿಡಿಯಾಗಿ ಉತ್ತರಿಸುತ್ತವೆ. ಒಟ್ಟಾರೆ ಬದುಕಿದ್ದು 2201ರಲ್ಲಿ 711, ಶೇ 32.3. ಒಳಗಿನ ಮನೆಗಳನ್ನು ಮೂರು ಬೇರೆ ಬೇರೆ ಛೇದಗಳಿಂದ ಭಾಗಿಸಬಹುದು, ಗೊಂದಲ ಹುಟ್ಟುವುದು ಇಲ್ಲಿಯೇ. 203 ಎಂಬ ಒಂದೇ ಮನೆಯನ್ನು ತೆಗೆದುಕೊಳ್ಳಿ. 2201ರಿಂದ ಭಾಗಿಸಿದರೆ ಶೇ 9.2: ಹಡಗಿನಲ್ಲಿದ್ದವರ ಪೈಕಿ ಮೊದಲ ದರ್ಜೆಯಲ್ಲಿದ್ದು ಬದುಕಿದವರು. 325ರಿಂದ ಭಾಗಿಸಿದರೆ ಶೇ 62.5: ಮೊದಲ ದರ್ಜೆಯವರ ಪೈಕಿ ಬದುಕಿದವರು. 711ರಿಂದ ಭಾಗಿಸಿದರೆ ಶೇ 28.6: ಬದುಕಿದವರ ಪೈಕಿ ಮೊದಲ ದರ್ಜೆಯವರು.

ಇಲ್ಲಿ ಕನ್ನಡ ಒಂದು ಉಪಕಾರ ಮಾಡುತ್ತದೆ. ‘ಪೈಕಿ’ ಎಂಬ ಪದದ ಹಿಂದೆ ಯಾರಿದ್ದಾರೋ ಅವರೇ ಛೇದ. ‘ಸಿಬ್ಬಂದಿಯ ಪೈಕಿ ಬದುಕಿದವರು’ ಎಂದರೆ 885ರಲ್ಲಿ 212, ಶೇ 24.0, ನಾಲ್ಕೂ ಗುಂಪುಗಳಲ್ಲಿ ಅತಿ ಕಡಿಮೆ. ‘ಬದುಕಿದವರ ಪೈಕಿ ಸಿಬ್ಬಂದಿ’ ಎಂದರೆ 711ರಲ್ಲಿ 212, ಶೇ 29.8, ನಾಲ್ಕರಲ್ಲಿ ಅತಿ ಹೆಚ್ಚು. ಮೊದಲಿಗೆ ಹೇಳಿದ ಒಗಟು ಇಷ್ಟೇ. ಸಿಬ್ಬಂದಿಯ ಸಂಖ್ಯೆಯೇ ದೊಡ್ಡದಾದ್ದರಿಂದ ಕಾಲು ಭಾಗಕ್ಕಿಂತ ಕಡಿಮೆ ಜನ ಬದುಕಿದರೂ ಬದುಕಿದವರ ಸಾಲಿನಲ್ಲಿ ಅವರೇ ಹೆಚ್ಚು ಕಾಣುತ್ತಾರೆ. ‘ಶೇ 24ರಷ್ಟು ಸಿಬ್ಬಂದಿ ಬದುಕುಳಿದರು’ ಎಂಬ ವಾಕ್ಯಕ್ಕಿಂತ ‘ಸಿಬ್ಬಂದಿಯ ಪೈಕಿ ಶೇ 24 ಮಂದಿ’ ಎಂದು ಬರೆದರೆ ತಪ್ಪಾಗಿ ಓದಲು ಎಡೆಯೇ ಇರುವುದಿಲ್ಲ. ಪೈಕಿ ಇಲ್ಲದ ಶೇಕಡವನ್ನು ಕಂಡಾಗ ಅದನ್ನು ತುಂಬಿ ಓದಲು ಪ್ರಯತ್ನಿಸಿ. ಎರಡು ರೀತಿ ತುಂಬಲು ಬಂದರೆ ಬರೆದವರನ್ನು ಕೇಳಲೇಬೇಕು.

ಎರಡರಲ್ಲಿ ಯಾವುದು ಬೇಕು? ಯಾವುದು ಯಾವುದರ ಮೇಲೆ ಪರಿಣಾಮ ಬೀರಿರಬಹುದು ಎಂದು ಯೋಚಿಸಿ. ದರ್ಜೆ ಮೊದಲೇ ಗೊತ್ತಾಗಿತ್ತು, ಸಾವು ಬದುಕು ಆಮೇಲೆ. ಆದ್ದರಿಂದ ದರ್ಜೆಯವರ ಪೈಕಿ ಲೆಕ್ಕ ಮಾಡಬೇಕು: 62.5, 41.4, 25.2, 24.0. ಒಟ್ಟಾರೆ 32.3 ಎಂಬುದನ್ನು ಪಕ್ಕದಲ್ಲಿಟ್ಟರೆ ಚಿತ್ರ ಪೂರ್ಣ.

ಈ ಸಂಖ್ಯೆಗಳನ್ನು ಮಾತಿನಲ್ಲಿ ಹೇಳುವಾಗಲೂ ಜಾಗ್ರತೆ ಬೇಕು. 62.5ರಿಂದ 25.2 ಕಳೆದರೆ 37.3 ಶೇಕಡಾವಾರು ಅಂಶಗಳ ಅಂತರ. ಇದನ್ನು ‘ಶೇ 37ರಷ್ಟು ಹೆಚ್ಚು’ ಎಂದರೆ ತಪ್ಪು, ಏಕೆಂದರೆ 25.2ಕ್ಕೆ ಹೋಲಿಸಿದರೆ 62.5 ಶೇ 148ರಷ್ಟು ಹೆಚ್ಚು. ‘ಸುಮಾರು ಎರಡೂವರೆ ಪಟ್ಟು’ ಎನ್ನುವುದು ಎಲ್ಲಕ್ಕಿಂತ ಸ್ಪಷ್ಟ. ‘ಎರಡೂವರೆ ಪಟ್ಟು ಹೆಚ್ಚು’ ಎಂದು ಬಾಲ ಸೇರಿಸಿದರೆ ಕೆಲವರು ಅದನ್ನು ಮೂರೂವರೆ ಪಟ್ಟು ಎಂದು ಓದುತ್ತಾರೆ.

ದ್ವಿಮುಖ ಕೋಷ್ಟಕವನ್ನು ಚಿತ್ರ ಮಾಡಲು ಮೂರು ದಾರಿ. ಒಂದು, ಪ್ರತಿ ಗುಂಪಿಗೂ ಬದುಕಿದವರ ಕಂಬ, ಸತ್ತವರ ಕಂಬ ಅಕ್ಕಪಕ್ಕ. ಎಣಿಕೆ ತೋರಿಸಲು ಇದು ಚೆನ್ನ. ಗುಂಪುಗಳ ಗಾತ್ರ ಬೇರೆ ಬೇರೆ ಇದ್ದಾಗ ಪ್ರಮಾಣ ಹೋಲಿಸಲು ಇದನ್ನು ನಂಬಿದರೆ ಕೆಟ್ಟಿರಿ: ಸಿಬ್ಬಂದಿಯ 212ರ ಕಂಬ ಮೊದಲ ದರ್ಜೆಯ 203ಕ್ಕಿಂತ ಎತ್ತರ ನಿಂತಿರುತ್ತದೆ. ಎರಡು, ಎಲ್ಲ ಗುಂಪಿಗೂ ನೂರರ ಎತ್ತರದ ಒಂದೊಂದು ಕಂಬ ನಿಲ್ಲಿಸಿ ಒಳಗೆ ಬದುಕಿದ ಭಾಗ, ಸತ್ತ ಭಾಗ ಎಂದು ವಿಭಾಗಿಸುವುದು. ಪ್ರಮಾಣದ ಹೋಲಿಕೆಗೆ ಇದೇ ಸರಿ. ವಿಭಾಗಗಳು ನಾಲ್ಕೈದಾದರೆ ನಡುವಿನ ಭಾಗಗಳಿಗೆ ಸಮಾನ ನೆಲ ಸಿಗದೆ ಹೋಲಿಕೆ ಕಷ್ಟವಾಗುತ್ತದೆ. ಹೇಳಬೇಕಾದ ಮುಖ್ಯ ವಿಭಾಗವನ್ನು ಬುಡದಲ್ಲಿಡಿ. ಇದರ ಕೊರತೆ ಇನ್ನೊಂದು: 285 ಜನರ ಕಂಬವೂ 885 ಜನರ ಕಂಬವೂ ಒಂದೇ ಗಾತ್ರ ಕಾಣುತ್ತವೆ. ಪ್ರತಿ ಕಂಬದ ಕೆಳಗೆ ಒಟ್ಟು ಎಷ್ಟು ಜನ ಎಂದು ಬರೆದರೆ ಆ ಕೊರತೆ ಅರ್ಧ ನೀಗುತ್ತದೆ. ಪೂರ್ತಿ ನೀಗಿಸುವುದು ಮೂರನೆಯ ದಾರಿ, ಮೊಸಾಯಿಕ್ ನಕ್ಷೆ: ಅದೇ ನೂರರ ಎತ್ತರದ ಕಂಬಗಳು, ಅಗಲ ಮಾತ್ರ ಗುಂಪಿನ ಗಾತ್ರಕ್ಕೆ ತಕ್ಕಂತೆ. 22 ಸೆಂಟಿಮೀಟರ್ ಅಗಲದ ಹಾಳೆಯಲ್ಲಿ 3.25, 2.85, 7.06, 8.85 ಎಂದು ಕತ್ತರಿಸಿದರೆ ಒಂದೊಂದು ಮನೆಯ ವಿಸ್ತೀರ್ಣವೂ ಅದರ ಜನಸಂಖ್ಯೆಗೆ ತಕ್ಕಷ್ಟೇ.

ನಂಟಿದೆಯೇ

ದರ್ಜೆಗೂ ಬದುಕುಳಿಯುವುದಕ್ಕೂ ನಂಟೇ ಇಲ್ಲದಿದ್ದರೆ ನಾಲ್ಕೂ ಗುಂಪುಗಳಲ್ಲಿ ಶೇ 32.3ರ ಆಸುಪಾಸು ಜನ ಬದುಕಿರಬೇಕಿತ್ತು. ಅಡ್ಡಸಾಲಿನ ಮೊತ್ತವನ್ನು ಕಂಬಸಾಲಿನ ಮೊತ್ತದಿಂದ ಗುಣಿಸಿ ಒಟ್ಟು ಮೊತ್ತದಿಂದ ಭಾಗಿಸಿದರೆ ಆ ‘ನಂಟಿಲ್ಲದ’ ಸಂಖ್ಯೆ ಸಿಗುತ್ತದೆ. ಮೊದಲ ದರ್ಜೆಗೆ 325 ಗುಣಿಸು 711, ಭಾಗಿಸು 2201: 105. ನಿಜಕ್ಕೂ ಬದುಕಿದ್ದು 203. ಎರಡನೇ ದರ್ಜೆಗೆ 92, ನಿಜಕ್ಕೆ 118. ಮೂರನೇ ದರ್ಜೆಗೆ 228 ಇರಬೇಕಿತ್ತು, ಇದ್ದದ್ದು 178. ಸಿಬ್ಬಂದಿಗೆ 286, ಇದ್ದದ್ದು 212. ಎಲ್ಲಿ ಎಷ್ಟು ಜನ ಹೆಚ್ಚು, ಎಲ್ಲಿ ಕಡಿಮೆ ಎಂದು ತಲೆಗಳ ಲೆಕ್ಕದಲ್ಲೇ ಸಿಗುವುದರಿಂದ ಬರಿ ಶೇಕಡಕ್ಕಿಂತ ಈ ಹೋಲಿಕೆ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ವರ್ಗ ಪರೀಕ್ಷೆ ಮಾಡುವುದೂ ಇದನ್ನೇ. ಪ್ರತಿ ಮನೆಯಲ್ಲೂ ನಿಜ ಸಂಖ್ಯೆಗೂ ನಿರೀಕ್ಷಿತ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷಿತದಿಂದ ಭಾಗಿಸಿ, ಎಂಟೂ ಮನೆಗಳನ್ನು ಕೂಡಿದರೆ ಇಲ್ಲಿ 190.4 ಬರುತ್ತದೆ. ನಾಲ್ಕು ಸಾಲು ಎರಡು ಕಂಬಸಾಲಿನ ಕೋಷ್ಟಕದಲ್ಲಿ, ಶೇ 5ರ ಮಟ್ಟದಲ್ಲಿ (ನಂಟಿಲ್ಲದಿದ್ದರೂ ನೂರರಲ್ಲಿ ಐದು ಸಲ ಮಾತ್ರ ದಾಟುವಂಥ ಮಟ್ಟ), ಆಕಸ್ಮಿಕ ಎನ್ನಲು ಇರುವ ಮಿತಿ 7.8. 190.4 ಅದನ್ನು ಎಷ್ಟೋ ದಾಟಿದೆ, ಆದ್ದರಿಂದ ಇದು ಆಕಸ್ಮಿಕ ಎನ್ನಲಾಗದು. ನಿರೀಕ್ಷಿತ ಸಂಖ್ಯೆ ಯಾವ ಮನೆಯಲ್ಲೂ 5ಕ್ಕಿಂತ ಕಡಿಮೆ ಇರಬಾರದು ಎಂಬುದು ವಾಡಿಕೆಯ ಷರತ್ತು. ಈ ಪರೀಕ್ಷೆಗೆ ಎಣಿಕೆಗಳನ್ನೇ ಕೊಡಬೇಕು. ಶೇಕಡಗಳನ್ನು ಕೊಟ್ಟರೆ 2201 ಜನರೂ ನೂರು ಜನರಾಗಿ ಇಳಿದು ಉತ್ತರ ಕೆಡುತ್ತದೆ. ಸಂಖ್ಯೆ ದೊಡ್ಡದು ಬಂತೆಂದು ಕಾರಣ ಸಿಕ್ಕಿತು ಎಂದೂ ಅಲ್ಲ. ದರ್ಜೆಯ ಹಿಂದೆ ಬೇರೇನೋ ನಿಂತಿರಬಹುದು.

ಮೂರನೆಯ ಪ್ರಶ್ನೆ ಕೇಳಿದಾಗ

ಕೋಷ್ಟಕದ ಕೊನೆಯ ಎರಡು ಗುಂಪುಗಳನ್ನು ಮತ್ತೆ ನೋಡಿ. ಮೂರನೇ ದರ್ಜೆಯವರ ಪೈಕಿ ಶೇ 25.2, ಸಿಬ್ಬಂದಿಯ ಪೈಕಿ ಶೇ 24.0. ಹೆಚ್ಚುಕಡಿಮೆ ಒಂದೇ, ಮೂರನೇ ದರ್ಜೆ ಒಂದು ಕೂದಲು ಮೇಲು. ಈಗ ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡೋಣ.

ಮೂರನೇ ದರ್ಜೆಯ 510 ಗಂಡಸರ ಪೈಕಿ ಬದುಕಿದ್ದು 88, ಶೇ 17.3. ಸಿಬ್ಬಂದಿಯ 862 ಗಂಡಸರ ಪೈಕಿ 192, ಶೇ 22.3. ಸಿಬ್ಬಂದಿ ಮೇಲು. ಮೂರನೇ ದರ್ಜೆಯ 196 ಹೆಂಗಸರ ಪೈಕಿ 90, ಶೇ 45.9. ಸಿಬ್ಬಂದಿಯ 23 ಹೆಂಗಸರ ಪೈಕಿ 20, ಶೇ 87. ಇಲ್ಲೂ ಸಿಬ್ಬಂದಿ ಮೇಲು. (ಈ ಲೆಕ್ಕದಲ್ಲಿ ಮಕ್ಕಳೂ ಸೇರಿದ್ದಾರೆ.) ಗಂಡಸರಲ್ಲೂ ಹೆಂಗಸರಲ್ಲೂ ಮುಂದಿರುವ ಗುಂಪು ಒಟ್ಟು ಮಾಡಿದಾಗ ಹಿಂದೆ ಬಿತ್ತು.

ಕೂಡುವುದರಲ್ಲಿ ತಪ್ಪಿಲ್ಲ. ಹಡಗಿನಲ್ಲಿ ಒಟ್ಟಾರೆ ಹೆಂಗಸರ ಪೈಕಿ ಶೇ 73 ಮಂದಿ ಬದುಕಿದರೆ ಗಂಡಸರ ಪೈಕಿ ಬದುಕಿದ್ದು ಶೇ 21. ಸಿಬ್ಬಂದಿಯಲ್ಲಿ ಶೇ 97ಕ್ಕೂ ಹೆಚ್ಚು ಗಂಡಸರು, ಮೂರನೇ ದರ್ಜೆಯಲ್ಲಿ ಶೇ 28ರಷ್ಟು ಹೆಂಗಸರು. ಅಂದರೆ ಸಿಬ್ಬಂದಿಯ ಒಟ್ಟು ಶೇಕಡ ಬಹುಪಾಲು ಗಂಡಸರ ಶೇಕಡವೇ, ಮೂರನೇ ದರ್ಜೆಯದನ್ನು ಹೆಂಗಸರು ಮೇಲಕ್ಕೆತ್ತಿದ್ದಾರೆ. ಹೀಗೆ ಒಟ್ಟಿನಲ್ಲಿ ಒಂದು, ಬಿಡಿಯಲ್ಲಿ ಇನ್ನೊಂದು ಕಾಣುವುದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು, 1951ರಲ್ಲಿ ಇದರ ಬಗ್ಗೆ ಬರೆದ ಎಡ್ವರ್ಡ್ ಸಿಂಪ್ಸನ್ ಅವರಿಂದ ಬಂದದ್ದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಸ್ನಾತಕೋತ್ತರ ಪ್ರವೇಶದ ಲೆಕ್ಕ ಇದಕ್ಕೆ ಹೆಸರಾದ ಉದಾಹರಣೆ: ಅರ್ಜಿ ಹಾಕಿದ ಗಂಡಸರ ಪೈಕಿ ಶೇ 44, ಹೆಂಗಸರ ಪೈಕಿ ಶೇ 35 ಮಂದಿಗೆ ಪ್ರವೇಶ ಸಿಕ್ಕಿತ್ತು. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರ ಉಳಿಯಲಿಲ್ಲ. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಗುಂಪುಗಳ ಮೈಕಟ್ಟು ಬೇರೆ ಬೇರೆ ಇರುವಾಗ ಸಮನಾಗಿ ಹೋಲಿಸಲು ಒಂದು ಉಪಾಯವಿದೆ. ಸಿಬ್ಬಂದಿಯಲ್ಲೂ ಮೂರನೇ ದರ್ಜೆಯಲ್ಲಿದ್ದಂತೆ 510 ಗಂಡಸರು, 196 ಹೆಂಗಸರು ಇದ್ದರು ಎಂದುಕೊಂಡು, ಸಿಬ್ಬಂದಿಯ ಪ್ರಮಾಣಗಳನ್ನೇ ಹಚ್ಚಿ ನೋಡಿ. 510ರಲ್ಲಿ ಸುಮಾರು 114, 196ರಲ್ಲಿ ಸುಮಾರು 170, ಒಟ್ಟು 284. ಇದು 706ರ ಪೈಕಿ ಶೇ 40.2, ಮೂರನೇ ದರ್ಜೆಯ 25.2ರ ಎದುರಿಗೆ. 24 ಇದ್ದದ್ದು 40 ಆಯಿತು.

ಆ 40ನ್ನು ದೊಡ್ಡ ಅಕ್ಷರದಲ್ಲಿ ಬರೆಯುವ ಮುನ್ನ ಅದು ಎಲ್ಲಿಂದ ಬಂತೆಂದು ನೋಡಬೇಕು. 170 ಎಂಬ ಸಂಖ್ಯೆ ನಿಂತಿರುವುದು ಶೇ 87ರ ಮೇಲೆ, ಶೇ 87 ನಿಂತಿರುವುದು 23 ಹೆಂಗಸರ ಮೇಲೆ. ಅವರಲ್ಲಿ ಇನ್ನೊಬ್ಬರು ಸತ್ತಿದ್ದರೆ ಆ ಪ್ರಮಾಣ ಶೇ 82.6ಕ್ಕೆ ಇಳಿಯುತ್ತಿತ್ತು, 170 ಇದ್ದದ್ದು 162 ಆಗುತ್ತಿತ್ತು, 40.2 ಇದ್ದದ್ದು 39 ಆಗುತ್ತಿತ್ತು. ಒಂದು ತಲೆಗೆ ಎಂಟು ತಲೆಯ ತೂಕ. ಮೂರನೇ ದರ್ಜೆಗಿಂತ ಮೇಲು ಎಂಬ ತೀರ್ಮಾನ ಅದರಿಂದ ಅಲುಗುವುದಿಲ್ಲ, ಆದರೆ ದಶಾಂಶದ ಮುಂದಿನ ಆ 2 ಅನ್ನು ಬರೆಯುವ ಅಗತ್ಯ ಇರಲಿಲ್ಲ.